ಒಗಟಿನೊಳಗೆ ಕೂತ ಬಡಗಿ

ಆ ಬಡಗಿಗೆ ಓಣಿಯವರು ಇಟ್ಟ ಹೆಸರು ಕಗ್ಗಂಟು. ಮೇಜು ಕುರ್ಚಿ ಮಾಡಿಕೊಂಡು ತೆಪ್ಪಗಿರಬಹುದಿತ್ತು. ಅವನಿಗೆ ಮರದ ಒಗಟಿನ ಹುಚ್ಚು. ಮೊಳೆಯಿಲ್ಲ, ಅಂಟಿಲ್ಲ. ಒಂದರ ಕಚ್ಚಿನಲ್ಲಿ ಇನ್ನೊಂದು ತುಂಡು ಕೂರಬೇಕು. ಕೊನೆಯ ತುಂಡು ಟಕ್ಕೆಂದರೆ ಮುಗಿಯಿತು, ಬ್ರಹ್ಮ ಬಂದರೂ ಬಿಚ್ಚಲಾಗದು. "ನಾನು ಕೂಡಿಸಿದ್ದನ್ನ ಬಿಚ್ಚೋರು ಇನ್ನೂ ಹುಟ್ಟಿಲ್ಲ" ಎಂದು ಮೂವತ್ತು ವರ್ಷದಿಂದ ಮೀಸೆ ತಿರುವುತ್ತಿದ್ದ. ಊರಲ್ಲಿ ಅವನಿಗಿದ್ದ ಮರ್ಯಾದೆಯೆಲ್ಲ ಆ ಒಂದು ಮಾತಿನದು.

ಮೊನ್ನೆ ಅಂಗಡಿಯ ಮುಂದೆ ನಿಲ್ಲಿಸಲೆಂದು ಆಳೆತ್ತರದ ಒಗಟಿಗೆ ಕೈ ಹಾಕಿದ. ಇಪ್ಪತ್ತೆರಡು ತೊಲೆ. ಕೊನೆಯದನ್ನು ಒಳಗಿನಿಂದಲೇ ಎಳೆದುಕೊಳ್ಳಬೇಕಿತ್ತು. ಒಳಹೊಕ್ಕು ಎಳೆದ, ಟಕ್ಕೆಂದಿತು. ಇಷ್ಟು ಚೆನ್ನಾಗಿ ಯಾವ ಕಚ್ಚೂ ಕೂತಿರಲಿಲ್ಲವೆಂದು ಖುಷಿಪಟ್ಟ. ಹೊರಗೆ ಬರುವ ವಿಷಯ ಆಮೇಲೆ ನೆನಪಾಯಿತು.

ಬಾಮೈದ ಗರಗಸ ಹಿಡಿದು ಓಡಿಬಂದ. "ಭಾವ, ಎರಡು ತೊಲೆ ಕೊಯ್ದರೆ ಸಾಕು."

"ಗರಗಸ ತಾಗಿಸಿದ್ರೆ ನಿನ್ನ ಮುಖ ನೋಡಲ್ಲ."

"ಹಾಗಾದ್ರೆ ನೀವೇ ಬಿಚ್ಚಿ."

ನಿಜ ಹೇಳಬೇಕೆಂದರೆ, ಕಗ್ಗಂಟು ತನ್ನ ಆಯಸ್ಸಿನಲ್ಲಿ ಒಂದನ್ನೂ ಬಿಚ್ಚಿದವನಲ್ಲ. ಕೂಡಿಸುವುದು, ಕಪಾಟಿನಲ್ಲಿಡುವುದು, ಬೀಗುವುದು, ಇಷ್ಟೇ. ಇದು ಬಯಲಾದರೆ ಓಣಿಯಲ್ಲಿ ತಲೆಯೆತ್ತಿ ತಿರುಗುವುದು ಹೇಗೆ? ಅದಕ್ಕಿಂತ ಒಳಗೇ ಇದ್ದುಬಿಡುವುದು ವಾಸಿ ಎಂದು ಗಂಭೀರವಾಗಿಯೇ ಯೋಚಿಸಿದ. ಹೇಗೂ ಕಾಫಿ ಲೋಟ ತೂರುವಷ್ಟು ಸಂದಿ ಇತ್ತು.

ಸುದ್ದಿ ಕೇಳಿ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು. ಒಂದು ಸುತ್ತು ಹಾಕಿದಳು. ಮೊಣಕಾಲ ಮಟ್ಟದ ಒಂದು ತೊಲೆಯನ್ನು ಅರ್ಧ ತಿರುಗಿಸಿ ಪಕ್ಕಕ್ಕೆ ಜಾರಿಸಿದಳು. ಮಿಕ್ಕವು ಒಂದರ ಹಿಂದೊಂದು ಬಿಟ್ಟುಕೊಂಡವು. ಒಲೆಯ ಮೇಲಿಟ್ಟ ಹಾಲು ಉಕ್ಕುವಷ್ಟರಲ್ಲಿ ಅವನು ಬಯಲಲ್ಲಿ ನಿಂತಿದ್ದ.

"ನಿನಗೆ ಹೇಗೆ ಬಂತು ಇದು?" ಮುಖ ಸಣ್ಣದು ಮಾಡಿಕೊಂಡು ಕೇಳಿದ.

"ಕಪಾಟಿನಲ್ಲಿರೋದನ್ನೆಲ್ಲ ಬಿಚ್ತಾನೇ ಇರ್ತೀನಲ್ಲ. ನನ್ನ ಓಲೆ, ಸರ, ಪೆಟ್ಟಿಗೆ ಬೀಗದಕೈ, ಎಲ್ಲ ಅವುಗಳ ಹೊಟ್ಟೆಯಲ್ಲೇ ಇಡೋದು."

"ಅಲ್ಲೇ ಯಾಕೆ?"

"ಕಳ್ಳರಿಗೆ ಬಿಚ್ಚೋಕೆ ಬರಲ್ಲ. ನಿಮಗೂ ಬರಲ್ಲ."

ಬಾಮೈದ ಗರಗಸವನ್ನು ಅಲ್ಲೇ ಬಿಟ್ಟು ಓಣಿಯ ಕಡೆ ಹೊರಟ. ಅವನ ಬಾಯಿಗೆ ಬಿದ್ದ ಮೇಲೆ ಇನ್ನು ಡಂಗುರ ಬೇಕಿಲ್ಲವೆಂದು ಕಗ್ಗಂಟಿಗೆ ಗೊತ್ತಿತ್ತು. ಆದರೂ ಚೆಲ್ಲಾಪಿಲ್ಲಿ ಬಿದ್ದ ತೊಲೆಗಳ ನಡುವೆ ಹೋಗಿ ಕುಕ್ಕರಗಾಲಲ್ಲಿ ಕೂತ.

"ನನ್ನ ಸುತ್ತ ಮತ್ತೆ ಕೂಡಿಸು" ಎಂದ.

"ಏನ್ರೀ, ಅಲ್ಲೇ ಇರ್ತೀರಾ?"

"ಇಲ್ಲ. ಈ ಸಲ ನಿಧಾನಕ್ಕೆ ಬಿಚ್ಚು. ನೋಡ್ಕೋತೀನಿ."