ತಟ್ಟೆಯ ಬೆನ್ನಿನ ಪದಗಳು

ತೀರ್ಥಹಳ್ಳಿಯ ಡಾಕ್ಟರು ಮೂರು ಪದ ಹೇಳಿದರು. ಅದೂ ಇದೂ ಮಾತಾಡಿ, ಈಗ ಆ ಪದಗಳನ್ನು ಹೇಳಿ ಎಂದರು. ಕುರ್ಚಿ ಎಂದೆ. ಉಳಿದೆರಡು ಬರಲೇ ಇಲ್ಲ. ಮರೆವು ಶುರುವಾಗಿದೆ, ಮುಖ್ಯ ವ್ಯವಹಾರಗಳನ್ನು ಈಗಲೇ ಒಂದು ದಡ ಮುಟ್ಟಿಸಿ ಎಂದರು.

ನನಗಿದ್ದ ವ್ಯವಹಾರ ಒಂದೇ. ಡ್ರಾಯಿಂಗ್ ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆ ಯಾವುದೋ ದೇಶದವರಿಗೆ ಕಂಪ್ಯೂಟರಿನಲ್ಲಿ ಚಿತ್ರ ಬರೆದುಕೊಟ್ಟಿದ್ದೆ. ಅವರು ಬಿಟ್‌ಕಾಯಿನ್ ಕೊಟ್ಟರು. ಅದು ಮೊಬೈಲಿನ ಆ್ಯಪಿನಲ್ಲಿ ಬಿದ್ದಿತ್ತು. ಪಾಸ್‌ವರ್ಡ್ ಗೊತ್ತಿದ್ದದ್ದು ನನಗೊಬ್ಬನಿಗೆ. ನಾನು ಮರೆತರೆ ಹೆಂಡತಿಗೆ ಚಿಕ್ಕಾಸೂ ಸಿಗುವುದಿಲ್ಲವಲ್ಲ ಎಂದು ಹೆದರಿಕೆಯಾಯಿತು. ಅದಕ್ಕೇ ಇಂಥ ಹಣವನ್ನು ಭದ್ರವಾಗಿಡುವ ಹಾರ್ಡ್‌ವೇರ್ ವ್ಯಾಲೆಟ್ ಎಂಬ ಯಂತ್ರವನ್ನು ನೇರ ಕಂಪನಿಯಿಂದಲೇ ತರಿಸಿದೆ.

ಹೆಬ್ಬೆರಳಿನಷ್ಟಿತ್ತು. ಪಿನ್ ಹಾಕಿದ ಕೂಡಲೇ ಪುಟ್ಟ ಪರದೆಯ ಮೇಲೆ ಒಂದೊಂದಾಗಿ ಇಪ್ಪತ್ನಾಲ್ಕು ಇಂಗ್ಲಿಷ್ ಪದ ಬಂದವು. ಟೈಗರ್, ಅಂಕಲ್, ಮ್ಯಾಂಗೋ. ಹಿಂದಿಲ್ಲ, ಮುಂದಿಲ್ಲ. ಯಂತ್ರ ಹಾಳಾದರೂ ಈ ಪದಗಳನ್ನು ಇದೇ ಕ್ರಮದಲ್ಲಿ ಇನ್ನೊಂದು ಯಂತ್ರಕ್ಕೆ ಕೊಟ್ಟರೆ ಹಣ ಸಿಗುತ್ತದಂತೆ. ಫೋಟೋ ತೆಗೆಯಬಾರದು, ಮೊಬೈಲು, ಕಂಪ್ಯೂಟರಿನಲ್ಲಿ ಟೈಪ್ ಮಾಡಬಾರದು, ಯಾರಿಗೂ ತೋರಿಸಬಾರದು ಎಂದು ಅದರ ಕೈಪಿಡಿ ಹೇಳಿತು. ಮೂರು ಪದ ಹಿಡಿದಿಡಲಾರದವನಿಗೆ ಇಪ್ಪತ್ನಾಲ್ಕು! ಇದನ್ನು ಮಾಡಿದವರಿಗೆ ತಲೆ ಕೆಟ್ಟಿದೆಯೋ, ನನಗೋ? ಹಾಗಾದರೆ ಹಣ ಇರುವುದು ಯಂತ್ರದಲ್ಲೋ ಪದದಲ್ಲೋ? ಓದಿದಷ್ಟೂ ಗೋಜಲಾಯಿತು.

ಕಾಗದ ನಮ್ಮ ಹೊಸನಗರದ ಥಂಡಿಗೆ ಬೂಷ್ಟು ಹಿಡಿಯುತ್ತದೆ. ಉಕ್ಕಿನ ಮೇಲೆ ಕೊರೆದಿಟ್ಟರೆ ಒಳ್ಳೆಯದು ಎಂದು ಕೈಪಿಡಿಯಲ್ಲಿತ್ತು. ಉಕ್ಕಿನ ಮೇಲೆ ಕೊರೆಯುವುದೆಂದರೆ ನಮ್ಮ ಕಡೆಯವರಿಗೆ ಹೊಳೆಯುವುದು ಪಾತ್ರೆ ಅಂಗಡಿಯೇ. ಹೆಸರು ಹಾಕಿಸದ ಪಾತ್ರೆ ಇನ್ನೊಬ್ಬರ ಮನೆಯ ಕಾರ್ಯಕ್ಕೆ ಹೋದರೆ ವಾಪಸ್ ಬರುವುದುಂಟೆ? ಹೆಂಡತಿಯೊಡನೆ ಬಸ್ಸು ಹತ್ತಿ ಸಾಗರಕ್ಕೆ ಹೋಗಿ, ಒಂದು ಸ್ಟೀಲ್ ತಟ್ಟೆ ಆರಿಸಿ, ಪದ ಬರೆದ ಚೀಟಿಯನ್ನು ಹೆಸರು ಕೊರೆಯುವವನ ಕೈಗಿಟ್ಟೆ.

ಸ್ಪೆಲ್ಲಿಂಗ್ ತಪ್ಪಬಾರದೆಂದು ಅವನು ಗಟ್ಟಿಯಾಗಿ ಓದತೊಡಗಿದ. ಅರ್ಧಕ್ಕೆ ನಿಲ್ಲಿಸಿ ಕೇಳಿದ: "ಟೈಗರ್, ಅಂಕಲ್, ಮ್ಯಾಂಗೋ... ಸಾರ್, ಇದು ಮದ್ವೆಗಾ, ಗೃಹಪ್ರವೇಶಕ್ಕಾ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಹೆಂಡತಿ ತೋಳು ಚಿವುಟಿದಳು. "ಯಾರಿಗೂ ತೋರಿಸ್ಬಾರ್ದು ಅಂತ ನೀವೇ ಓದಿ ಹೇಳಿದ್ರಲ್ರೀ! ಈಗ ಸಾಗರದ ಪೇಟೆಗೆಲ್ಲ ಕೇಳ್ತು."

ಹೆಸರು ಕೊರೆಯುವವನೂ ಆ 'ಯಾರಿಗೂ' ಒಳಗೆ ಸೇರುತ್ತಾನೆಂದು ನನಗೆ ಹೊಳೆದೇ ಇರಲಿಲ್ಲ. ಇದು ಮರೆವೋ, ದಡ್ಡತನವೋ? ಎಲ್ಲ ಹೋಯಿತು ಎಂದು ಅಲ್ಲೇ ಸ್ಟೂಲಿನ ಮೇಲೆ ಕುಸಿದೆ.

"ಕಾಯಿನ್ ಇನ್ನೂ ಮೊಬೈಲಲ್ಲೇ ಇದ್ಯಲ್ಲ?" ಎಂದಳು. ಇದೆ ಎಂದೆ. "ಹಂಗಾದ್ರೆ ಹೋಗಿದ್ದು ಖಾಲಿ ಡಬ್ಬಿಯ ಬೀಗದ ಕೈ. ಮನೆಗೋಗಿ ಎಲ್ಲ ಅಳಿಸಿ, ಹೊಸ ಪದ ತಗೊಳ್ಳಿ. ಕೊರೆಯೋದು ನಿಮ್ಗೆ ಬರಲ್ವಾ? ಜೀವಮಾನ ಇಡೀ ಚಿತ್ರ ಬರೆದೋರು!"

ತಟ್ಟೆಯ ಜೊತೆ ಕೊರೆಯುವ ಪೆನ್ನೊಂದನ್ನೂ ಅಂಗಡಿಯವನಿಂದಲೇ ಕೊಂಡು ಬಂದೆವು. ಯಂತ್ರವನ್ನು ಅಳಿಸಿದಾಗ ಹೊಸ ಪದಗಳು ಬಂದವು. ಬಾಗಿಲು ಹಾಕಿಕೊಂಡು ತಟ್ಟೆಯ ಬೆನ್ನಿಗೆ ಕೊರೆದೆ. ತಲೆ ಕೈಕೊಟ್ಟರೂ ಕೈ ಇನ್ನೂ ನಡುಗುವುದಿಲ್ಲ. ಮತ್ತೊಮ್ಮೆ ಯಂತ್ರ ಅಳಿಸಿ, ತಟ್ಟೆ ನೋಡಿಯೇ ಪದಗಳನ್ನು ತುಂಬಿದಾಗ ಅದೇ ಖಾತೆ ತೆರೆಯಿತು. ಹೇಗೆ ಎಂದು ಕೇಳಬೇಡಿ, ನನಗಿನ್ನೂ ತಿಳಿದಿಲ್ಲ. ಆಮೇಲೆ ಮೊಬೈಲಿನಲ್ಲಿದ್ದ ಕಾಯಿನ್ ಅದಕ್ಕೆ ಕಳಿಸಿದೆ.

ತಟ್ಟೆಯನ್ನು ಹೆಂಡತಿಗೆ ಕೊಟ್ಟೆ. ಅವಳು ಮುಖ ತಿರುಗಿಸಿ, "ನಾನೂ ನೋಡ್ಬಾರ್ದಲ್ಲ?" ಎಂದಳು.

"ನಾನೇ ಮರೀತೀನಿ ಮಾರಾಯ್ತಿ. ನೀನೂ ನೋಡ್ದಿದ್ರೆ ಇದೆಲ್ಲ ಯಾರಿಗೆ? ಇದು ನಿಂದೇ."

ಅವಳು ತಟ್ಟೆಯನ್ನು ಮಗುಚಿ ನನ್ನ ಮುಂದೆ ಇಟ್ಟಳು. "ನಂದಾದ್ರೆ ಹೆಸ್ರು ಹಾಕಿಕೊಡಿ."

ಅಂಚಿನಲ್ಲಿ ಕೊರೆದೆ. ಅವಳ ಹೆಸರಿಗೆ ಯಾವ ಚೀಟಿಯನ್ನೂ ನೋಡಬೇಕಾಗಲಿಲ್ಲ.