ಹನ್ನೊಂದನೆಯ ಚಟ್ಟ

ದೋಹಾದಲ್ಲಿ ನಮ್ಮ ಕರಾವಳಿಯವರು ಯಾರಾದರೂ ತೀರಿಕೊಂಡರೆ ಮೊದಲು ನನಗೆ ಫೋನ್ ಬರುತ್ತಿತ್ತು. ನಾನು ಒಂದು ಗುತ್ತಿಗೆ ಕಂಪನಿಯ ಆಫೀಸಿನ ಗುಮಾಸ್ತ; ಆದರೆ ಹೆಣವನ್ನು ಊರಿಗೆ ಕಳಿಸುವ ಕಾಗದಪತ್ರಗಳಲ್ಲಿ ಪಳಗಿದವನು. ಆಸ್ಪತ್ರೆ, ಪೊಲೀಸು, ರಾಯಭಾರ ಕಚೇರಿ, ವಿಮಾನದ ಕಾರ್ಗೋ, ಯಾವ ಕಿಟಕಿಯ ಮುಂದೆ ಎಷ್ಟು ಹೊತ್ತು ನಿಲ್ಲಬೇಕೆಂದು ಗೊತ್ತಿತ್ತು. ಊರಿನಿಂದ ಅಳುತ್ತ ಕೇಳುವವರಿಗೆಲ್ಲ ನನ್ನದು ಒಂದೇ ಮಾತು: "ಪೇಪರ್ ಆಗ್ತಾ ಉಂಟು. ನಾಲ್ಕು ದಿನದಲ್ಲಿ ಬರ್ತದೆ." ಹೆಚ್ಚಾಗಿ ಬರುತ್ತಲೂ ಇತ್ತು.

ರಾಸ್ ಲಫಾನಿನ ಗ್ಯಾಸ್ ಸ್ಥಾವರದಲ್ಲಿ ವೆಲ್ಡರ್ ಆಗಿದ್ದ ನನ್ನ ಅಣ್ಣ ಕೊರೋನಾದಲ್ಲಿ ಹೋದ. ಆಗ ಅಂಥ ಹೆಣವನ್ನು ವಿಮಾನಕ್ಕೆ ಹತ್ತಿಸುವ ಹಾಗಿರಲಿಲ್ಲ, ಇಲ್ಲಿ ಸುಡುವ ಜಾಗವೂ ಇಲ್ಲ. ಹೂಳಲು ಒಪ್ಪಿಗೆಯೆಂದು ಸಹಿ ಹಾಕಿದವನು ನಾನೇ. ಶವಾಗಾರದ ನೌಕರ ಕಾಗದವನ್ನು ಒಳಗೆಳೆದುಕೊಂಡು "ಖಲಾಸ್" ಎಂದ. ಅಣ್ಣನ ಮುಖ ತೋರಿಸಲಿಲ್ಲ. ಅರ್ಧ ಗಂಟೆಯಲ್ಲಿ ಊರಿನಿಂದ ಅತ್ತಿಗೆಯ ಫೋನ್ ಬಂತು. "ಅವರನ್ನು ಯಾವಾಗ ಕಳಿಸ್ತೀ?" ಬಾಯಿಪಾಠವಾಗಿದ್ದ ಮಾತೇ ಹೊರಬಂತು: "ಪೇಪರ್ ಆಗ್ತಾ ಉಂಟು ಅತ್ತಿಗೆ. ವಿಮಾನ ಶುರುವಾಗ್ಲಿ."

ವಿಮಾನ ಶುರುವಾಯಿತು. ಆಗ, ಕಂಪನಿಯ ಮೇಲೆ ಕೇಸು ನಡೆಯುತ್ತಿದೆ, ಅದು ಮುಗಿಯದೆ ಹೆಣ ಬಿಡುವುದಿಲ್ಲ ಎಂದೆ. ಒಂದು ಸುಳ್ಳಿಗೆ ಇನ್ನೊಂದರ ಊರುಗೋಲು. ನಮ್ಮಲ್ಲಿ ಹೆಣ ಸುಟ್ಟ ಮೇಲೆಯೇ ಬೊಜ್ಜ, ಅಂದರೆ ಉತ್ತರಕ್ರಿಯೆ. ಅತ್ತಿಗೆ ಬೊಜ್ಜ ಮಾಡದೆ, ಕತ್ತಿನ ಕರಿಮಣಿ ತೆಗೆಯದೆ ಎರಡು ವರ್ಷ ಕಾದರು. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವುದು ನನ್ನಂಥವನಿಗೇ.

ಎರಡನೆಯ ವರ್ಷದ ಈದ್ ರಜೆಗೆ ಊರಿಗೆ ಹೋಗುವ ಮುಖವಿಲ್ಲದೆ, ಹೆಂಡತಿಯನ್ನು ಕರೆದುಕೊಂಡು ಅಥೆನ್ಸಿಗೆ ಹೋದೆ. ಕಾಲೇಜಿನಲ್ಲಿ ಇತಿಹಾಸ ಓದಿದವನು ನಾನು. ದೋಹಾದ ಮದೀನತ್ ಖಲೀಫಾದ ನಮ್ಮ ಬಾಡಿಗೆ ಮನೆಯಲ್ಲಿ ಗ್ರೀಕರ ಯುದ್ಧಗಳ ಪುಸ್ತಕಗಳೇ ಒಂದು ಸಾಲು ಇವೆ. ಪಾರ್ಥೆನಾನ್ ನೋಡಿದ ಹೆಂಡತಿ, "ಇದಕ್ಕೆ ಮಾಡು ಇಲ್ವಾ?" ಎಂದಳು. ತುರ್ಕರು ಒಳಗೆ ಸಿಡಿಮದ್ದು ತುಂಬಿಟ್ಟಿದ್ದರು, ವೆನಿಸ್ಸಿನವರ ಗುಂಡು ಬಿದ್ದು ಚಾವಣಿ ಹಾರಿಹೋಯಿತು ಎಂದೆ. "ದೇವಸ್ಥಾನಕ್ಕೆ ಯಾರೂ ಗುಂಡು ಹೊಡೆಯುವುದಿಲ್ಲ ಅಂತ ನಂಬಿದ್ರೋ ಏನೋ," ಎಂದು ಅವಳು ನಿಟ್ಟುಸಿರು ಬಿಟ್ಟಳು.

ಮರುದಿನ ಮ್ಯಾರಥಾನ್ ಬಯಲಿಗೆ ಹೋದೆವು. ಪರ್ಷಿಯನ್ನರನ್ನು ಸೋಲಿಸಿದ ಯುದ್ಧದಲ್ಲಿ ಸತ್ತ ಅಥೆನ್ಸಿನವರನ್ನು ಅಲ್ಲಿಯೇ ಸುಟ್ಟು, ಮೇಲೆ ಮಣ್ಣು ಪೇರಿಸಿದ ದಿಬ್ಬ ಈಗಲೂ ಇದೆ. ಬಿದ್ದಲ್ಲೇ ಮಣ್ಣಾಗುವುದು ಅವರಿಗೆ ಸಂದ ದೊಡ್ಡ ಗೌರವವಂತೆ. ಅಣ್ಣನೂ ದುಡಿದ ನೆಲದಲ್ಲೇ ಮಲಗಿದ್ದಾನಲ್ಲ ಎಂದು ನನ್ನ ಮನಸ್ಸು ಕೂಡಲೇ ವಕೀಲಿಕೆ ಶುರು ಮಾಡಿತು. ಆ ರಾತ್ರಿ ಸ್ವಲ್ಪ ನಿದ್ದೆಯೂ ಬಂತು.

ಮೂರನೆಯ ದಿನ ಅಥೆನ್ಸಿನ ಹಳೆಯ ಹೆಬ್ಬಾಗಿಲ ಪಕ್ಕದ ಸ್ಮಶಾನ. ಅಲ್ಲಿಯ ಗೈಡ್ ಹೆಂಗಸು ಹೇಳಿದಳು: ಯುದ್ಧದಲ್ಲಿ ಸತ್ತವರ ಮೂಳೆಗಳನ್ನು ಊರಿಗೆ ತಂದು, ಹತ್ತು ಪಂಗಡಗಳಿಗೆ ಹತ್ತು ಪೆಟ್ಟಿಗೆ ಮಾಡಿ ಇಲ್ಲಿಗೆ ಮೆರವಣಿಗೆಯಲ್ಲಿ ತರುತ್ತಿದ್ದರು. ಜೊತೆಗೆ ಹನ್ನೊಂದನೆಯದು, ಬಟ್ಟೆ ಹಾಸಿದ ಒಂದು ಖಾಲಿ ಚಟ್ಟ. ಅದು ಹೆಣ ಸಿಗದವರಿಗೆ. ಒಮ್ಮೆ ಕಡಲ ಯುದ್ಧ ಗೆದ್ದ ಸೇನಾಪತಿಗಳು ನೀರಿಗೆ ಬಿದ್ದ ತಮ್ಮವರನ್ನು ಎತ್ತಿ ತರಲಿಲ್ಲವೆಂದು ಇದೇ ಊರಿನ ಜನ ವಿಚಾರಣೆ ಮಾಡಿದರು. ಬಿರುಗಾಳಿ ಎದ್ದಿತ್ತು ಎಂದರೂ ಬಿಡದೆ, ಕೈಗೆ ಸಿಕ್ಕ ಆರು ಮಂದಿಯನ್ನು ಕೊಂದರು.

ಅವರಾದರೂ ಬಿರುಗಾಳಿ ಇತ್ತೆಂದು ಬಾಯಿಬಿಟ್ಟು ಹೇಳಿದರು. ನಾನು ಅದನ್ನೂ ಹೇಳಲಿಲ್ಲ. ಅಲ್ಲೇ ಕಲ್ಲಿನ ಮೇಲೆ ಕುಳಿತುಬಿಟ್ಟೆ. ಹೆಂಡತಿಗೆ ಎಲ್ಲ ಗೊತ್ತಿತ್ತು, ಎರಡು ವರ್ಷ ಸುಮ್ಮನಿದ್ದವಳು. "ನಮ್ಮಲ್ಲೂ ದರ್ಭೆಯ ಗೊಂಬೆ ಮಾಡಿ ಸುಡುವ ಕ್ರಮ ಉಂಟಲ್ಲ," ಎಂದಳು. "ಹೆಣ ಬರ್ಲಿಕ್ಕಿಲ್ಲ ಅಂತ ಗೊತ್ತಿದ್ರೆ ಅಕ್ಕ ಯಾವತ್ತೋ ಮಾಡಿಸ್ತಿದ್ರು. ಈಗಲಾದ್ರೂ ಹೇಳಿ."

ಅಲ್ಲಿಂದಲೇ ಫೋನ್ ಮಾಡಿದೆ.

"ಅಣ್ಣನನ್ನು ದೋಹಾದಲ್ಲೇ ಹೂತದ್ದಾಯ್ತು ಅತ್ತಿಗೆ. ಆವಾಗ್ಲೇ. ನಾನೇ ಸಹಿ ಹಾಕಿದ್ದು. ಕೇಸು ಗೀಸು ಎಂತದೂ ಇಲ್ಲ. ಮುಖ ಸಹ ನೋಡ್ಲಿಲ್ಲ ನಾನು."

ಬೈಯಲಿ, ಶಪಿಸಲಿ ಎಂದು ಕಾದೆ. ಅತ್ತಿಗೆ ಮೆಲ್ಲನೆ ಕೇಳಿದರು, "ಆವಾಗ್ಲೇ ಅಂದ್ರೆ, ಎರಡು ವರ್ಷ ಆಯ್ತಲ್ಲ?"

"ಹೌದು."

ಬೊಜ್ಜವಾದ ಮೇಲೆಯೇ ಸತ್ತವರು ಹಿರಿಯರ ಸಾಲಿಗೆ ಸೇರುವುದು. ಮಳೆಗಾಲದ ಆಟಿ ತಿಂಗಳಲ್ಲಿ, ದೀಪಾವಳಿಯಲ್ಲಿ ಅವರ ಹೆಸರಿನಲ್ಲಿ ಎಲೆ ಹಾಕಿ ಊಟ ಬಡಿಸುವುದೂ ಆಮೇಲೆಯೇ. ಅದು ನನಗೆ ಹೊಳೆಯುವ ಮೊದಲೇ ಅತ್ತಿಗೆ ಲೆಕ್ಕ ಹಾಕಿದ್ದರು.

"ಎರಡು ವರ್ಷ ಎಲ್ಲ ಹಿರಿಯರಿಗೂ ಬಡಿಸಿದೆ ಮಾರಾಯ," ಎಂದರು. "ಅವರಿಗೆ ಮಾತ್ರ ಒಂದು ಎಲೆ ಹಾಕ್ಲಿಲ್ಲ."