ಖಾರದ ಕೈ, ಉಷ್ಣದ ಗುಳ್ಳೆ

ಖಾರ ಕುಟ್ಟಿಸಿ ಬಂದವಳು ಕೈ ತೊಳೆಯದೆ ಬಚ್ಚಲಿಗೆ ಹೋಗಬಾರದು. ಬ್ಯಾಡಗಿಗೆ ಸೊಸೆಯಾಗಿ ಬಂದವರಿಗೆ ಮೊದಲ ವರ್ಷವೇ ಗೊತ್ತಾಗುವ ಸತ್ಯ ಇದು. (ಹೇಗೆ ಗೊತ್ತಾಗುತ್ತದೆ ಅಂತ ಬಿಡಿಸಿ ಹೇಳಬೇಕೇ?)

ಹಾಗಾಗಿ ಈ ಸಲ ವರ್ಷದ ಖಾರ ಮಾಡಿಸಿದ ಮರುದಿನ ಹೇಳಬಾರದ ಜಾಗದಲ್ಲಿ ಉರಿ ಶುರುವಾದಾಗ ನಾನು ಹೆದರಲಿಲ್ಲ. ಮೆಣಸಿನಕಾಯಿಗೆ ಬೈದು ಬೆಣ್ಣೆ ಹಚ್ಚಿಕೊಂಡೆ. ಗುಳ್ಳೆ ಎದ್ದವು, ಒಡೆದವು, ಜ್ವರವೂ ಬಂತು. ಖಾರಕ್ಕೆ ಎಲ್ಲಾದರೂ ಜ್ವರ ಬರುತ್ತದೆಯೇ?

ಊರಿನ ಡಾಕ್ಟರ ಬಳಿ ಹೋಗುವ ಮಾತೇ ಇಲ್ಲ. ಅವರ ಕಾಂಪೌಂಡರ್ ನಮ್ಮ ಓಣಿಯವನು! ಹಲ್ಲುನೋವೆಂದು ಸುಳ್ಳು ಹೇಳಿ ರಾಣೆಬೆನ್ನೂರಿನ ಬಸ್ ಹತ್ತಿದೆ.

ಅಲ್ಲಿನ ಲೇಡಿ ಡಾಕ್ಟರ್ ನೋಡಿದವರೇ ಅಂದರು, “ಇದು ಖಾರ ಅಲ್ಲ, ಯವ್ವಾ. ಹರ್ಪಿಸ್ ಅಂತಾರ. ಗಂಡ-ಹೆಂಡತಿ ಕೂಡೋದರಿಂದ ಬರ್ತದ.”

“ಏಡ್ಸ್ ಏನ್ರಿ?” ಟೀವಿ ಹಚ್ಚಿದರೆ ಈಗ ಅದೇ ಜಾಹೀರಾತಲ್ಲವೇ?

“ಅಲ್ಲ ಅಲ್ಲ. ಜೀವಕ್ಕೇನೂ ಆಗಂಗಿಲ್ಲ. ಪೂರಾ ಬಿಟ್ಟು ಹೋಗಂಗಿಲ್ಲ, ಆದರ ಹತೋಟಿಯೊಳಗ ಇಡಬಹುದು. ಈಗ ಅದಕ್ಕ ಗುಳಿಗಿ ಬಂದಾವು, ತುಟ್ಟಿ ಅದಾವು. ಬರೇ ಮುಲಾಮು ನಂಬಿ ಕುಂದ್ರಬ್ಯಾಡ. ಮತ್ತ ಚುರುಚುರು ಅಂದ್ರ ಲಗೂನ ಬಾ. ಗುಳ್ಳಿ ಇದ್ದಾಗ ಗಂಡನ ಸನೇಕ ಹೋಗಬ್ಯಾಡ. ಅವರಿಗೂ ಹೇಳು.”

ಗಂಡನಿಗೆ ಹೇಳುವುದೇ? ಏನಂತ? ಅವರ ಹೊರತು ನನಗೆ ಬೇರೆ ಗಂಡಸು ಗೊತ್ತಿಲ್ಲ. ಆದರೆ ಅವರು ನಂಬಬೇಕಲ್ಲ? ತವರಿಗೆ ಅಟ್ಟಿದರೆ? ಬಸ್ಸಿನಲ್ಲಿ ಅಳುತ್ತಲೇ ಬಂದೆ. ಪಕ್ಕದ ಅಜ್ಜಿ “ಯಾಕವಾ?” ಎಂದರೆ ಕೆನ್ನೆ ಹಿಡಿದು “ಹಲ್ಲು” ಅಂದೆ. ಪಾಪ, ಸೆರಗಿನ ಗಂಟಿನಿಂದ ಲವಂಗ ತೆಗೆದು ಕೊಟ್ಟಳು.

ಸಂಜೆ ಯಜಮಾನರ ಕೈಗೆ ಚಹಾ ಕೊಟ್ಟು, ಬಾಗಿಲು ಹಾಕಿ, ಎಲ್ಲ ಒದರಿಬಿಟ್ಟೆ.

ಅವರು ಬಸಿಯಲ್ಲಿ ಸುರುವಿಕೊಂಡ ಚಹಾ ಸೊರ್ರೆಂದು ಕುಡಿದರು. “ಹುಚ್ಚಿ, ಇಷ್ಟಕ್ಕ ಅಳ್ತಾರೇನ? ನನಗೂ ಲಗ್ನಕ್ಕಿಂತ ಮೊದಲಿಂದ ಆಗೊಮ್ಮೆ ಈಗೊಮ್ಮೆ ಏಳ್ತಾವು. ಉಷ್ಣ ಅದು. ಎಳನೀರು ಕುಡಿದ್ರ ಇಳೀತದ.”

ಉಷ್ಣವಂತೆ!

ಹೋದ ಜೀವ ಬಂದಂತಾಯಿತು. ಸುಳ್ಳೇಕೆ ಹೇಳಲಿ, ಅಷ್ಟು ಸಮಾಧಾನ ನನಗೆ ಮಗ ಎಸ್ಸೆಸ್ಸೆಲ್ಸಿ ಪಾಸಾದಾಗಲೂ ಆಗಿರಲಿಲ್ಲ. ಮರುಗಳಿಗೆಗೇ ಸಿಟ್ಟು ನೆತ್ತಿಗೇರಿತು. “ಲಗ್ನಕ್ಕಿಂತ ಮೊದಲ ಆ ಉಷ್ಣ ಎಲ್ಲಿಂದ ಬಂತರಿ?” ಎಂದೆ. ಯಜಮಾನರು ಖಾಲಿ ಬಸಿಯನ್ನು ಇನ್ನೊಮ್ಮೆ ಕುಡಿದರು.

ಮುಂದಿನ ವಾರ ಇಬ್ಬರೂ ಕೂಡಿಯೇ ರಾಣೆಬೆನ್ನೂರಿಗೆ ಹೋಗಿ ಬಂದೆವು. ಮೈಯೊಳಗೆ ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ಏಳುವುದೂ ಉಂಟಂತೆ. ನನ್ನ ಗುಳ್ಳೆ ಒಣಗಿವೆ, ನಿದ್ದೆ ಬರುತ್ತಿದೆ. ಎಳನೀರೇ ಔಷಧಿ ಎನ್ನುತ್ತಿದ್ದವರು ಈಗ ನನಗೇ “ಗುಳಿಗಿ ತಗೊಂಡಿ?” ಎಂದು ಕೇಳುತ್ತಾರೆ. (ಇದನ್ನು ಅವರಿಗೆ ಓದಿ ತೋರಿಸಿಯೇ ಅಚ್ಚಿಗೆ ಕಳಿಸುತ್ತಿದ್ದೇನೆ. ಹೆಸರು ಹಾಕಬೇಡ ಎಂದರು. ಹಾಕಿಲ್ಲ.)

ಆದರೂ ಒಂದು ಮಾತು ಕೇಳದೆ ಬಿಡಲಾರೆ: ಈ ಗುಳ್ಳೆ ನನಗೊಬ್ಬಳಿಗೇ ಎದ್ದಿದ್ದರೆ, ಅದಕ್ಕೂ ಯಜಮಾನರು ಉಷ್ಣ ಅಂತಲೇ ಹೆಸರಿಡುತ್ತಿದ್ದರೇ?